ಡೇಟಾ ಟೈಪ್‌ಗಳು ಎಲ್ಲಿ ಕೈಕೊಡುತ್ತವೆ: ಹಾಲಿನ ಸೊಸೈಟಿಯ ಲೆಕ್ಕ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಇಂಟ್ (ಪೂರ್ಣಾಂಕ) ನಾಲ್ಕು ಬೈಟ್, ಡಬಲ್ (ದಶಮಾಂಶ ಸಂಖ್ಯೆ) ಎಂಟು ಬೈಟ್, ಕ್ಯಾರೆಕ್ಟರ್ (ಅಕ್ಷರ) ಒಂದು ಬೈಟ್ ಎಂದು ಪಟಪಟ ಹೇಳುತ್ತಾರೆ. ವೈವಾಕ್ಕೆ ಅಷ್ಟು ಸಾಕು, ಕೆಲಸಕ್ಕೆ ಸಾಲದು. ಒಂದು ಟೈಪ್, ಅಂದರೆ ಕಂಪ್ಯೂಟರ್ ಒಂದು ಬೆಲೆಯನ್ನು ಇಟ್ಟುಕೊಳ್ಳುವ ಬಗೆ, ಯಾವಾಗ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ ಎನ್ನುವುದು ಗೊತ್ತಿರಬೇಕು. ಎರರ್ ಬಂದರೆ ಪುಣ್ಯ, ಕೂತು ಸರಿಮಾಡಬಹುದು. ಎರರ್ ಬಾರದೆ ಯಾರದೋ ಖಾತೆಯಲ್ಲಿ ಒಂದು ಪೈಸೆ ಕಡಿಮೆಯಾಗುತ್ತಾ ಹೋದರೆ ಅದು ತಿಳಿಯುವುದು ಆಡಿಟ್ ಹೊತ್ತಿಗೆ.

ಈ ಮಾರ್ಗದರ್ಶಿಗೆ ಒಂದೇ ಉದಾಹರಣೆ ಹಿಡಿದುಕೊಳ್ಳೋಣ. ಬ್ರಹ್ಮಾವರದ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಸೊಸೈಟಿ ಇದೆ ಅಂದುಕೊಳ್ಳಿ. ಬೆಳಿಗ್ಗೆ, ಸಂಜೆ ಸದಸ್ಯರು ಕ್ಯಾನ್ ಹಿಡಿದು ಬರುತ್ತಾರೆ. ಹಾಲು ಅಳೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ, ದರ ಹಾಕಿ, ದಿನಗಳ ಲೆಕ್ಕ ಕೂಡಿಸಿ ಹಣ ಖಾತೆಗೆ ಹಾಕುತ್ತಾರೆ. ಇದಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ನಿಮ್ಮದು. ಕಾಲಂಗಳು ಸರಳವಾಗಿಯೇ ಕಾಣುತ್ತವೆ: ಸದಸ್ಯ ಸಂಖ್ಯೆ, ಹೆಸರು, ಮನೆ ನಂಬರ್, ಫೋನ್, ಬ್ಯಾಂಕ್ ಖಾತೆ, ಲೀಟರ್, ದರ, ಮೊತ್ತ, ದಿನಾಂಕ. ಈ ಒಂಬತ್ತು ಕಾಲಂಗಳಲ್ಲಿ ಒಂದೂ ನಾವು ಅಂದುಕೊಂಡಷ್ಟು ಸುಲಭವಲ್ಲ.

ಹಂತ 1: ಮೊದಲು ಕೇಳಿ, ಇದನ್ನು ಕೂಡಿಸುತ್ತೇವಾ?

ಕೋಡ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ಕಾಲಂಗಳ ಹೆಸರು ಬರೆಯಿರಿ. ಪ್ರತಿಯೊಂದರ ಪಕ್ಕ ಒಂದೇ ಪ್ರಶ್ನೆ ಹಾಕಿ: ಇದನ್ನು ಕೂಡಿಸುವುದು, ಗುಣಿಸುವುದು, ಸರಾಸರಿ ತೆಗೆಯುವುದು ಇದೆಯಾ? ಇದ್ದರೆ ಮಾತ್ರ ಅದು ಸಂಖ್ಯೆ. ಲೀಟರ್ ಕೂಡಿಸುತ್ತೀರಿ, ಸಂಖ್ಯೆ. ಇಬ್ಬರು ಸದಸ್ಯರ ಫೋನ್ ನಂಬರಿನ ಸರಾಸರಿ ಯಾರಿಗೆ ಬೇಕು? ಅದು ಸ್ಟ್ರಿಂಗ್, ಅಂದರೆ ಪಠ್ಯ. ಅಂಕಿ ಕಂಡ ಕೂಡಲೇ ಇಂಟ್ ಅಂತ ಬರೆಯುವ ಅಭ್ಯಾಸ ಬಿಟ್ಟರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದು 0820. ಇವನ್ನು ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಹೋಗಿ 824, 820 ಉಳಿಯುತ್ತವೆ. ಸೊನ್ನೆಯಿಂದ ಶುರುವಾಗುವ ಸಂಖ್ಯೆಗೆ ಇನ್ನೊಂದು ಗುಣವೂ ಇದೆ. ಸಿ ಮತ್ತು ಜಾವಾದಲ್ಲಿ ಕೋಡಿನೊಳಗೆ 0120 ಎಂದು ಬರೆದರೆ ಅದನ್ನು ಎಂಟರ ಪದ್ಧತಿಯ ಸಂಖ್ಯೆ ಎಂದು ಓದಿ 80 ಮಾಡಿಕೊಳ್ಳುತ್ತವೆ. 0824 ಬರೆದರೆ ಕಂಪೈಲರ್ ತಡೆಯುತ್ತದೆ, ಯಾಕೆಂದರೆ ಆ ಪದ್ಧತಿಯಲ್ಲಿ 8 ಎಂಬ ಅಂಕಿಯೇ ಇಲ್ಲ. ಪೈಥಾನ್ 3 ಇಂಥ ಬರವಣಿಗೆಯನ್ನು ಒಪ್ಪುವುದೇ ಇಲ್ಲ. ನನ್ನ ಪ್ರಕಾರ ಅದು ಒಳ್ಳೆಯ ತೀರ್ಮಾನ.

ಮೊಬೈಲ್ ನಂಬರಿನ ಕಥೆ ಬೇರೆ. ಭಾರತದ ಮೊಬೈಲ್ ನಂಬರ್‌ಗಳು ಹತ್ತು ಅಂಕಿ, ಶುರುವಾಗುವುದು 6ರಿಂದ 9ರ ಒಳಗೆ. 32 ಬಿಟ್ ಇಂಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಋಣ ಚಿಹ್ನೆ ಬೇಡವೆಂದು ಅನ್‌ಸೈನ್ಡ್ ಮಾಡಿದರೂ 4294967295ಕ್ಕೆ ನಿಲ್ಲುತ್ತದೆ. ಅಂದರೆ ನಮ್ಮ ದೇಶದ ಒಂದೇ ಒಂದು ಮೊಬೈಲ್ ನಂಬರೂ ಸಾಮಾನ್ಯ ಇಂಟ್‌ನಲ್ಲಿ ಹಿಡಿಯುವುದಿಲ್ಲ.

ಬ್ಯಾಂಕ್ ಖಾತೆಗೆ ಬನ್ನಿ. ಈ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುವಾದವು. ಹಾಗಾಗಿ ನಿಮ್ಮ ಸದಸ್ಯರ ಪಟ್ಟಿಯಲ್ಲಿ ಹತ್ತಾರು ಬ್ಯಾಂಕುಗಳ ಖಾತೆಗಳಿರುತ್ತವೆ, ಉದ್ದವೂ ಬೇರೆ ಬೇರೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹದಿನಾರು ಅಂಕಿಯ ಖಾತೆ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಎಚ್ಚರಿಕೆಯ ಒಂದು ಮಾತೂ ಇಲ್ಲದೆ. ಜಾವಾಸ್ಕ್ರಿಪ್ಟ್‌ನ ಮಿತಿ ಸ್ವಲ್ಪ ಮುಂದಿದೆ. ಅಲ್ಲಿ 9007199254740991ರವರೆಗೆ ಪೂರ್ಣಾಂಕಗಳು ಭದ್ರ. 9007199254740993 ಕೊಟ್ಟು ನೋಡಿ, 9007199254740992 ಆಗಿ ವಾಪಸ್ ಬರುತ್ತದೆ. ಒಬ್ಬರ ಹಾಲಿನ ಹಣ ಇನ್ನೊಬ್ಬರ ಖಾತೆಗೆ ಹೋಗಲು ಒಂದು ಅಂಕಿಯ ವ್ಯತ್ಯಾಸ ಸಾಕಲ್ವಾ?

ಐಎಫ್‌ಎಸ್‌ಸಿ ಕೋಡ್ ಹೇಗೂ ಸ್ಟ್ರಿಂಗ್. ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಟೈಪ್ ಆಗಿದೆಯಾ ಎಂದು ಪರೀಕ್ಷಿಸಿ. ಇದನ್ನು ಶಾಶ್ವತ ಗುರುತು ಎಂದು ನಂಬಬೇಡಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆ ಮೇಲೆ ಹಳೆಯ ಕೋಡ್‌ಗಳೂ ಬದಲಾದವು.

ಮನೆ ನಂಬರ್‌ಗೆ ವಿಶೇಷ ಎಚ್ಚರ ಬೇಕು. ನಮ್ಮ ಪಂಚಾಯತ್‌ಗಳಲ್ಲಿ 3-12, 2-104 ಹೀಗೆ ಇರುತ್ತದೆ. ಎಕ್ಸೆಲ್‌ನಲ್ಲಿ 3-12 ಟೈಪ್ ಮಾಡಿದರೆ ಅದು ದಿನಾಂಕವಾಗಿಬಿಡುತ್ತದೆ. 3 ಡಿಸೆಂಬರ್ ಆಗುತ್ತದೋ 12 ಮಾರ್ಚ್ ಆಗುತ್ತದೋ, ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಇದೇ ಕಾಟದಿಂದ ಜೀವವಿಜ್ಞಾನಿಗಳು 2020ರಲ್ಲಿ ಕೆಲವು ಮಾನವ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಸೆಪ್ಟೆಂಬರ್, ಮಾರ್ಚ್ ಎಂದು ಎಕ್ಸೆಲ್ ಓದಿಕೊಳ್ಳುವಂಥ ಹೆಸರುಗಳು ಅವು. ನೀವು ಪಂಚಾಯತಿಗೆ ಹೋಗಿ ಮನೆ ನಂಬರ್ ಬದಲಿಸಲಾಗದು. ಆದ್ದರಿಂದ ಟೈಪ್ ಮಾಡುವ ಮೊದಲೇ ಆ ಕಾಲಂ ಆಯ್ಕೆ ಮಾಡಿ ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಇಡಿ. ಆಮೇಲೆ ಬದಲಿಸಿದರೆ ಪ್ರಯೋಜನವಿಲ್ಲ, ಒಳಗಿನ ಬೆಲೆ ಆಗಲೇ ಬದಲಾಗಿರುತ್ತದೆ.

ಹಂತ 2: ಪೂರ್ಣಾಂಕಗಳ ಮಿತಿ ಲೆಕ್ಕ ಹಾಕಿ

ಪೂರ್ಣಾಂಕ ಅಂದರೆ ಅಪಾಯವಿಲ್ಲ ಎನ್ನುವ ಭಾವನೆ ಎಲ್ಲರಲ್ಲೂ ಇದೆ. ಸೊಸೈಟಿಯ ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುವುದು ಒಳ್ಳೆಯ ಪದ್ಧತಿ. ಮುಂದಿನ ಹಂತದಲ್ಲಿ ನಾನೂ ಅದನ್ನೇ ಹೇಳುವವನು. ಆದರೆ 2147483647 ಪೈಸೆ ಅಂದರೆ ಎಷ್ಟು? 2,14,74,836 ರೂಪಾಯಿ 47 ಪೈಸೆ. ಎರಡು ಕೋಟಿ ಚಿಲ್ಲರೆ. ಸ್ವಲ್ಪ ದೊಡ್ಡ ಸೊಸೈಟಿಯ ವರ್ಷದ ವಹಿವಾಟು ಇದನ್ನು ದಾಟಬಹುದು. ದಾಟಿದ ಕ್ಷಣ ಜಾವಾದಲ್ಲಿ ಮೊತ್ತ -2147483648ರ ಕಡೆಗೆ ಹಾರುತ್ತದೆ, ಎರರ್ ಇಲ್ಲ. ಸಿ ಭಾಷೆಯಲ್ಲಿ ಏನಾಗಬೇಕೆಂದು ನಿಯಮವೇ ಹೇಳುವುದಿಲ್ಲ, ಏನೂ ಆಗಬಹುದು. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ. ಹಾಗೆಂದು ನೆಮ್ಮದಿಯಿಂದ ಇರುವವರು ನಮ್‌ಪೈ ಎಂಬ ಲೆಕ್ಕದ ಲೈಬ್ರರಿ ಬಳಸಿದ ದಿನ ಎಡವುತ್ತಾರೆ, ಅದರೊಳಗಿನ ಪೂರ್ಣಾಂಕಗಳಿಗೆ ಮಿತಿ ಇದೆ.

ಪರಿಹಾರ ಸುಲಭ: ಹಣದ ಮೊತ್ತಕ್ಕೆ 64 ಬಿಟ್ ಬಳಸಿ. ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಮೂವತ್ತು ದಿನಗಳನ್ನು ಮಿಲಿಸೆಕೆಂಡ್ ಮಾಡಲು ಜಾವಾದಲ್ಲಿ 30 × 24 × 60 × 60 × 1000 ಎಂದು ಬರೆದು 64 ಬಿಟ್‌ನ ಲಾಂಗ್ ವೇರಿಯಬಲ್‌ಗೆ ಹಾಕಿದಿರಿ ಅನ್ನಿ. ಉತ್ತರ 2592000000 ಬರಬೇಕು, ಬರುವುದು -1702967296. ಪಾತ್ರೆ ದೊಡ್ಡದೇ, ಆದರೆ ಗುಣಾಕಾರ ನಡೆದದ್ದು ಇಂಟ್‌ನಲ್ಲಿ. ಲಾಂಗ್ ಆಗಿ ಬದಲಾಗುವ ಮೊದಲೇ ಸಂಖ್ಯೆ ಕೆಟ್ಟಿತ್ತು. ಮೊದಲ ಸಂಖ್ಯೆಯನ್ನೇ ಲಾಂಗ್ ಮಾಡಿ. ಹಣದ ಕೂಡಿಕೆಗೆ ಜಾವಾದ ಆಡ್‌ಎಗ್ಸಾಕ್ಟ್ ಫಂಕ್ಷನ್ ಬಳಸಿದರೆ ಮಿತಿ ದಾಟಿದಾಗ ಎಕ್ಸೆಪ್ಶನ್ ಬರುತ್ತದೆ. ಸದ್ದು ಮಾಡಿ ನಿಲ್ಲುವ ಪ್ರೋಗ್ರಾಂ, ಸದ್ದಿಲ್ಲದೆ ಸುಳ್ಳು ಹೇಳುವ ಪ್ರೋಗ್ರಾಂಗಿಂತ ಸಾವಿರ ಪಾಲು ವಾಸಿ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಒಂದು ನಿಮಿಷ ತುಂಬುವ ಮೊದಲು ನಾಶವಾಯಿತು. 64 ಬಿಟ್ ಫ್ಲೋಟಿಂಗ್ (ದಶಮಾಂಶದ) ಸಂಖ್ಯೆಯನ್ನು 16 ಬಿಟ್ ಪೂರ್ಣಾಂಕಕ್ಕೆ ತುರುಕಲು ಹೋದದ್ದು ಕಾರಣ. ಅಲ್ಲಿ ಹಿಡಿಯುವುದೇ 32767ರವರೆಗೆ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಬೋಯಿಂಗ್ 787ರ ಬಗ್ಗೆ ಒಂದು ಆದೇಶ ಹೊರಡಿಸಿತು. ವಿದ್ಯುತ್ ಜನರೇಟರಿನ ಕಂಟ್ರೋಲ್ ಯೂನಿಟ್‌ಗಳು ಸತತ 248 ದಿನ ಚಾಲೂ ಇದ್ದರೆ ಒಳಗಿನ ಎಣಿಕೆ ಉಕ್ಕಿ ವಿದ್ಯುತ್ ಹೋಗಬಹುದು ಎಂದು. ಸೆಕೆಂಡಿನ ನೂರನೇ ಭಾಗವನ್ನು 32 ಬಿಟ್‌ನಲ್ಲಿ ಎಣಿಸಿದರೆ ಮಿತಿ ಮುಟ್ಟಲು ಬೇಕಾಗುವುದು ಹತ್ತಿರಹತ್ತಿರ ಅಷ್ಟೇ ದಿನ.

ಭಾಗಾಕಾರದ ವಿಷಯ ಬೇಗ ಮುಗಿಸೋಣ. ಜಾವಾ, ಸಿ ಎರಡರಲ್ಲೂ 7 ಭಾಗಿಸು 2 ಅಂದರೆ 3. ಅರವತ್ತು ಸದಸ್ಯರಲ್ಲಿ 45 ಮಂದಿ ಹಾಲು ತಂದರೆ ಶೇಕಡಾ ಎಷ್ಟು ಎಂದು 45 / 60 * 100 ಬರೆದರೆ ಉತ್ತರ ಸೊನ್ನೆ. ಮೊದಲು ನೂರರಿಂದ ಗುಣಿಸಿ, ಆಮೇಲೆ ಭಾಗಿಸಿ. ಡೇಟಾಬೇಸ್‌ಗಳಲ್ಲಿ ಪೋಸ್ಟ್‌ಗ್ರೆಸ್‌ನಲ್ಲೂ ಇದೇ ನಡೆ, ಮೈಎಸ್‌ಕ್ಯೂಎಲ್‌ನಲ್ಲಿ ಮಾತ್ರ ದಶಮಾಂಶ ಸಿಗುತ್ತದೆ. ಋಣ ಸಂಖ್ಯೆ ಬಂದರೆ ಭಾಷೆಗಳು ಜಗಳಕ್ಕೇ ಬೀಳುತ್ತವೆ: -7ನ್ನು 2ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಪೈಥಾನ್‌ನಲ್ಲಿ -4, ಜಾವಾದಲ್ಲಿ -3. -7ನ್ನು 3ರಿಂದ ಭಾಗಿಸಿ ಉಳಿದ ಶೇಷ ಪೈಥಾನ್‌ನಲ್ಲಿ 2, ಜಾವಾದಲ್ಲಿ -1.

ಹಂತ 3: ದಶಮಾಂಶವಿರುವಲ್ಲಿ ನಿಧಾನವಾಗಿ ನಡೆಯಿರಿ

ಇಲ್ಲಿ ಸಮಯ ಕೊಡಿ. ಹಣ ಕಳೆದುಹೋಗುವುದು ಇಲ್ಲೇ.

ಪೈಥಾನ್ ತೆರೆಯಿರಿ. 4.35 ರೂಪಾಯಿಯನ್ನು ಪೈಸೆ ಮಾಡಲು 100ರಿಂದ ಗುಣಿಸಿ. 435 ಬರುವುದಿಲ್ಲ, 434.99999999999994 ಬರುತ್ತದೆ. ಇದನ್ನು ಇಂಟ್ ಮಾಡಿದರೆ 434. ಒಂದು ಪೈಸೆ ಹೋಯಿತು. 19.99 × 100 ಮಾಡಿದರೆ 1998.9999999999998, ಇಂಟ್ ಮಾಡಿದರೆ 1998. ಭಾಷೆಯ ತಪ್ಪು ಅಂದುಕೊಂಡು ಜಾವಾಕ್ಕೋ ಜಾವಾಸ್ಕ್ರಿಪ್ಟ್‌ಗೋ ಹೋದರೆ ಅಲ್ಲೂ ಅದೇ ಉತ್ತರ. ಎಲ್ಲವೂ 1985ರಲ್ಲಿ ಬಂದ ಐಟ್ರಿಪಲ್‌ಇ 754 ಎಂಬ ಒಂದೇ ನಿಯಮವನ್ನು ಪಾಲಿಸುತ್ತವೆ.

ಕಾರಣ ತಿಳಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಾಗದದ ಮೇಲೆ 1ನ್ನು 3ರಿಂದ ಭಾಗಿಸಿದರೆ 0.3333 ಎಂದು ಮುಗಿಯದೆ ಹೋಗುತ್ತದೆ. ಹತ್ತರ ಪದ್ಧತಿಯಲ್ಲಿ ಛೇದದಲ್ಲಿ 2 ಮತ್ತು 5 ಮಾತ್ರ ಇದ್ದರೆ ಭಿನ್ನರಾಶಿ ಮುಗಿಯುತ್ತದೆ. ಕಂಪ್ಯೂಟರಿನದು ಎರಡರ ಪದ್ಧತಿ. ಅಲ್ಲಿ ಛೇದದಲ್ಲಿ 2 ಮಾತ್ರ ಇರಬೇಕು. ಅರ್ಧ, ಕಾಲು, ಮುಕ್ಕಾಲು ಸರಿಯಾಗಿ ಕೂರುತ್ತವೆ. ಹತ್ತನೇ ಒಂದು ಕೂರುವುದಿಲ್ಲ, ಅದರ ಛೇದದಲ್ಲಿ 5 ಇದೆ. ಹಾಗಾಗಿ 0.1 ಎಂದು ನೀವು ಬರೆದದ್ದು ಒಳಗೆ 0.1000000000000000055511 ಹೀಗೆ ಏನೋ ಆಗಿರುತ್ತದೆ. ಪೈಸೆಗಳು ರೂಪಾಯಿಯ ನೂರನೇ ಭಾಗ ತಾನೇ? ಒಂದರಿಂದ 99 ಪೈಸೆಯವರೆಗೆ ನಿಖರವಾಗಿ ಕೂರುವುದು 25, 50, 75 ಮೂರೇ. ಉಳಿದದ್ದೆಲ್ಲ ಅಂದಾಜು.

ಒಂದೊಂದೇ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ಕೂಡಿಸುತ್ತಾ ಹೋದಾಗ ಬೆಳೆಯುತ್ತದೆ. 0.1ನ್ನು ಹತ್ತು ಸಲ ಒಂದೊಂದಾಗಿ ಕೂಡಿಸಿ, 0.9999999999999999 ಬರುತ್ತದೆ. ಬೆಳೆದರೆ ಏನಾಗುತ್ತದೆ ಎನ್ನುವುದಕ್ಕೆ ನೋವಿನ ಉದಾಹರಣೆ ಇದೆ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಒಂದು ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಅಮೆರಿಕನ್ ಸೈನಿಕರು ಸತ್ತರು. ಅದು ಸಮಯವನ್ನು ಸೆಕೆಂಡಿನ ಹತ್ತನೇ ಭಾಗದಲ್ಲಿ ಎಣಿಸುತ್ತಿತ್ತು. 24 ಬಿಟ್‌ಗೆ ಕತ್ತರಿಸಿದ 0.1 ಅದರಲ್ಲಿತ್ತು. ಸುಮಾರು 100 ಗಂಟೆ ನಿಲ್ಲಿಸದೆ ನಡೆದಾಗ ಸಮಯ 0.34 ಸೆಕೆಂಡ್ ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಬಂದುಬಿಡುತ್ತದೆ.

ಈಗ ಮಾಡಬೇಕಾದ್ದು. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಹಾಲನ್ನು ಮಿಲಿಲೀಟರಿನಲ್ಲಿ. ದರದಲ್ಲಿ ಪೈಸೆಗಿಂತ ಸಣ್ಣ ಭಾಗ ಬರುವುದಾದರೆ ಹತ್ತರ ಪದ್ಧತಿಯಲ್ಲೇ ಲೆಕ್ಕ ಇಡುವ ಡೆಸಿಮಲ್ ಟೈಪ್ ಬಳಸಿ. ಪೈಥಾನ್‌ನಲ್ಲಿ ಡೆಸಿಮಲ್, ಜಾವಾದಲ್ಲಿ ಬಿಗ್‌ಡೆಸಿಮಲ್, ಡೇಟಾಬೇಸ್‌ನಲ್ಲಿ ಡೆಸಿಮಲ್ ಕಾಲಂ. ಪೈಥಾನ್, ಜಾವಾಗಳಲ್ಲಿ ಇವಕ್ಕೆ ಬೆಲೆ ಕೊಡುವಾಗ ಉದ್ಧರಣ ಚಿಹ್ನೆಯೊಳಗೆ "0.1" ಎಂದು ಸ್ಟ್ರಿಂಗ್ ಆಗಿಯೇ ಕೊಡಿ. ಬರೀ 0.1 ಕೊಟ್ಟರೆ ಮೊದಲು ಎರಡರ ಪದ್ಧತಿಯ ಫ್ಲೋಟ್ ಆಗಿ ಕೆಟ್ಟು, ಆ ಕೆಟ್ಟ ಬೆಲೆಯೇ ಅಚ್ಚುಕಟ್ಟಾಗಿ ಡೆಸಿಮಲ್ ಒಳಗೆ ಕೂರುತ್ತದೆ. ಜಾವಾದ ಬಿಗ್‌ಡೆಸಿಮಲ್‌ನಲ್ಲಿ 2.0 ಮತ್ತು 2.00 ಸಮಾನವೇ ಎಂದು ಈಕ್ವಲ್ಸ್‌ನಿಂದ ಕೇಳಿದರೆ ಅಲ್ಲ ಎನ್ನುತ್ತದೆ. ಕಂಪೇರ್‌ಟು ಬಳಸಿ. ಬೇರೆ ಕಡೆಯಿಂದ ಫ್ಲೋಟ್ ಬಂದೇ ಬಂದರೆ 100ರಿಂದ ಗುಣಿಸಿ ರೌಂಡ್ ಮಾಡಿ. ಸುಮ್ನೆ ಕತ್ತರಿಸಬೇಡಿ.

32 ಬಿಟ್‌ನ ಫ್ಲೋಟ್‌ನಲ್ಲಿ ಹಣ ಇಡುವುದಂತೂ ಬೇಡವೇ ಬೇಡ. 16777216 ದಾಟಿದ ಮೇಲೆ ಅದಕ್ಕೆ ಎಲ್ಲ ಪೂರ್ಣಾಂಕಗಳೂ ಹಿಡಿಯುವುದಿಲ್ಲ. 1,67,77,217 ರೂಪಾಯಿ ಕೊಟ್ಟರೆ ಒಂದು ರೂಪಾಯಿ ತಾನೇ ತಿಂದುಕೊಂಡು 1,67,77,216 ಇಟ್ಟುಕೊಳ್ಳುತ್ತದೆ.

ರೌಂಡಿಂಗ್ ಎಂದೆನಲ್ಲ, ಅದರಲ್ಲೂ ಎರಡು ಮತಗಳಿವೆ. ಶಾಲೆಯಲ್ಲಿ ಅರ್ಧ ಇದ್ದರೆ ಮೇಲಕ್ಕೆ ಎಂದು ಕಲಿತಿದ್ದೇವೆ. ಪೈಥಾನ್ 3ರಲ್ಲಿ 2.5ನ್ನು ರೌಂಡ್ ಮಾಡಿದರೆ 2, 3.5ನ್ನು ಮಾಡಿದರೆ 4. ಸರಿಯಾಗಿ ಅರ್ಧ ಇದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಯಾವಾಗಲೂ ಮೇಲಕ್ಕೆ ಹೋಗಿ ಮೊತ್ತ ಉಬ್ಬಬಾರದು ಎಂದು. ಎಕ್ಸೆಲ್‌ನಲ್ಲಿ 2.5 ಹೋಗುವುದು 3ಕ್ಕೆ. ಕಾರ್ಯದರ್ಶಿಯವರು ಎಕ್ಸೆಲ್‌ನಲ್ಲಿ, ನೀವು ಪೈಥಾನ್‌ನಲ್ಲಿ ಅದೇ ಲೆಕ್ಕ ಮಾಡಿದರೆ ಮೊತ್ತ ತಾಳೆಯಾಗುವುದಿಲ್ಲ, ಇಬ್ಬರೂ ತಪ್ಪು ಮಾಡಿರುವುದಿಲ್ಲ. ಇನ್ನು 2.675ನ್ನು ಎರಡು ದಶಮಾಂಶಕ್ಕೆ ತಂದರೆ ಪೈಥಾನ್ 2.67 ಕೊಡುತ್ತದೆ. ಇದಕ್ಕೆ ಕಾರಣ ಬೇರೆ: ಒಳಗೆ ಆ ಸಂಖ್ಯೆ 2.675ಕ್ಕಿಂತ ಕೂದಲೆಳೆ ಕಡಿಮೆ ಇದೆ.

ಯಾವ ನಿಯಮ ಎಂದು ಸೊಸೈಟಿಯವರನ್ನೇ ಕೇಳಿ, ಬರೆದಿಟ್ಟುಕೊಳ್ಳಿ. ಎಲ್ಲಿ ರೌಂಡ್ ಮಾಡುವುದು ಎನ್ನುವುದನ್ನೂ ಆಗಲೇ ತೀರ್ಮಾನಿಸಿ. ನನ್ನ ಸಲಹೆ: ಪ್ರತಿ ಹೊತ್ತಿನ ಹಾಲಿನ ಮೊತ್ತವನ್ನು ಒಮ್ಮೆ ಪೈಸೆಗೆ ರೌಂಡ್ ಮಾಡಿ, ಚೀಟಿಯಲ್ಲಿ ಅದನ್ನೇ ಮುದ್ರಿಸಿ, ಕೊನೆಗೆ ಆ ಪೈಸೆಗಳನ್ನೇ ಕೂಡಿಸಿ. ಆಗ ಸದಸ್ಯರು ಮನೆಯಲ್ಲಿ ಚೀಟಿಗಳನ್ನು ಕೂಡಿಸಿ ನೋಡಿದರೂ ಲೆಕ್ಕ ಸರಿಹೋಗುತ್ತದೆ. 1982ರಲ್ಲಿ ಕೆನಡಾದ ವ್ಯಾಂಕೂವರ್ ಷೇರು ಮಾರುಕಟ್ಟೆ 1000 ಅಂಕದಿಂದ ಒಂದು ಸೂಚ್ಯಂಕ ಶುರುಮಾಡಿತು. ಪ್ರತಿ ವಹಿವಾಟಿಗೂ ಮೂರು ದಶಮಾಂಶದ ಆಚೆಗಿನದನ್ನು ಕತ್ತರಿಸಿ ಎಸೆಯುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 524ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 1098.

ಹಂತ 4: ಕನ್ನಡದ ಹೆಸರುಗಳಿಗೆ ಸ್ಟ್ರಿಂಗ್ ಸಿದ್ಧವಿದೆಯಾ ನೋಡಿ

ಸದಸ್ಯರ ಹೆಸರುಗಳನ್ನು ಕನ್ನಡದಲ್ಲೇ ಇಡಬೇಕು. ಇಂಗ್ಲಿಷ್‌ನಲ್ಲಿ ಇಟ್ಟರೆ ಸುಲಭ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಚೀಟಿ ಓದುವವರು ಅದನ್ನು ಓದುವ ಭಾಷೆಯಲ್ಲೇ ಕೊಡಬೇಕು. ಅದಕ್ಕೆ ನಾವು ಕಲಿಯಬೇಕಾದ್ದು ಸ್ವಲ್ಪ ಇದೆ, ಅಷ್ಟೇ.

ಶೆಟ್ಟಿ ಎಂಬ ಹೆಸರು ತೆಗೆದುಕೊಳ್ಳಿ. ಓದುವ ನಮಗೆ ಎರಡು ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 6 ಎನ್ನುತ್ತದೆ. ಶ, ಎ ಕಾರದ ಚಿಹ್ನೆ, ಟ, ಹಲಂತ, ಇನ್ನೊಂದು ಟ, ಇ ಕಾರದ ಚಿಹ್ನೆ ಎಂದು ಅದು ಎಣಿಸುತ್ತದೆ. ಇಂಥ ಒಂದೊಂದು ತುಂಡೂ ಒಂದು ಕೋಡ್‌ಪಾಯಿಂಟ್. ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ ಮೂರು ಬೈಟ್, ಹಾಗಾಗಿ ಫೈಲಿನಲ್ಲಿ ಇದು 18 ಬೈಟ್. ಮಂಗಳೂರು ನಾಲ್ಕು ಅಕ್ಷರ, 7 ಕೋಡ್‌ಪಾಯಿಂಟ್, 21 ಬೈಟ್. ಒರಾಕಲ್ ಡೇಟಾಬೇಸ್‌ನಲ್ಲಿ ಕಾಲಂ ಅಗಲ 20 ಎಂದು ಕೊಟ್ಟರೆ ಬೇರೇನೂ ಹೇಳದಿದ್ದಾಗ ಅದು 20 ಬೈಟ್. ಮಂಗಳೂರು ಎಂಬ ಒಂದು ಊರಿನ ಹೆಸರೂ ಅದರಲ್ಲಿ ಹಿಡಿಯುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 20 ಅಂದರೆ 20 ಕೋಡ್‌ಪಾಯಿಂಟ್.

ಚೀಟಿಯಲ್ಲಿ ಜಾಗ ಸಾಲದೆಂದು ಹೆಸರನ್ನು ನಾಲ್ಕಕ್ಕೆ ಕತ್ತರಿಸಿದರೆ ಶೆಟ್ಟಿ ಹೋಗಿ ಶೆಟ್ ಉಳಿಯುತ್ತದೆ. ಉಡುಪಿಯನ್ನು ಹಿಂದುಮುಂದು ಮಾಡಿದರೆ ಇ ಕಾರದ ಚಿಹ್ನೆ ಅನಾಥವಾಗಿ ಮೊದಲಿಗೆ ಬಂದು, ಉ ಕಾರ ಪಕ್ಕದ ಪಕಾರಕ್ಕೆ ಅಂಟಿಕೊಳ್ಳುತ್ತದೆ. ಅಕ್ಷರದ ಗಡಿಯಲ್ಲೇ ಕತ್ತರಿಸಬೇಕಾದರೆ ಗ್ರಾಫೀಮ್ ಕ್ಲಸ್ಟರ್ (ನಾವು ಒಂದೇ ಅಕ್ಷರವೆಂದು ಓದುವ ಗುಂಪು) ಗುರುತಿಸುವ ಲೈಬ್ರರಿ ಬಳಸಿ. ನಿಮ್ಮ ಲೈಬ್ರರಿಯ ಆವೃತ್ತಿ ಒತ್ತಕ್ಷರವನ್ನು ಒಡೆಯುತ್ತದೆಯಾ ಎಂದು ಶೆಟ್ಟಿ, ಉಡುಪಿ, ಲಕ್ಷ್ಮಿ ಈ ಮೂರು ಹೆಸರು ಕೊಟ್ಟು ಮೊದಲೇ ಪರೀಕ್ಷಿಸಿ.

ಇದಕ್ಕಿಂತ ಕಾಟ ಕೊಡುವುದು ಕಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಟ್ರಿಂಗ್‌ಗಳು. ಕುಂದಾಪುರದ ದಾರಿಯಲ್ಲಿ ಸಿಗುವ ಕೋಟ ಎಂಬ ಊರನ್ನೇ ನೋಡಿ. ಓ ಕಾರದ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಇಡಬಹುದು. ಎ ಕಾರ, ಊ ಕಾರ, ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಇಡಬಹುದು. ಮೊದಲನೆಯದರ ಉದ್ದ 3, ಎರಡನೆಯದರದು 5. ಪರದೆಯ ಮೇಲೆ ವ್ಯತ್ಯಾಸವಿಲ್ಲ, ಹೋಲಿಸಿದರೆ ಬೇರೆ ಬೇರೆ. ಡೇಟಾಬೇಸ್‌ಗೆ ಹೋಗುವ ಮೊದಲು ಎಲ್ಲ ಪಠ್ಯವನ್ನೂ ಇಂಥ ತುಂಡುಗಳನ್ನು ಒಂದಾಗಿ ಜೋಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್, ಜಾವಾಸ್ಕ್ರಿಪ್ಟ್‌ನ ನಾರ್ಮಲೈಜ್ ಎರಡೂ ಇದನ್ನು ಮಾಡುತ್ತವೆ.

ಎನ್‌ಎಫ್‌ಸಿ ಮುಟ್ಟದ ಒಂದು ಅಕ್ಷರ ಇದೆ. ರಾಜ್‌ಕುಮಾರ್ ಎಂದು ಬರೆಯುವಾಗ ಜಕಾರಕ್ಕೆ ಒತ್ತು ಬೀಳದಂತೆ ತಡೆಯಲು ನಡುವೆ ಕಾಣದ ಅಕ್ಷರವೊಂದು ಕೂರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಕೆಲವೊಮ್ಮೆ ಅದು ಸುರೇಶ್ ಎಂಬಂಥ ಹೆಸರಿನ ಕೊನೆಯಲ್ಲೂ ಸೇರಿರುತ್ತದೆ. ಅಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗದು. ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಫಂಕ್ಷನ್ ಇದನ್ನು ತೆಗೆಯುವುದಿಲ್ಲ. ಹೆಸರಿನಿಂದ ಹುಡುಕಿದರೆ ಸದಸ್ಯ ಸಿಗುವುದಿಲ್ಲ, ಹೊಸಬರೆಂದು ಇನ್ನೊಂದು ದಾಖಲೆ ತೆರೆಯುತ್ತಾರೆ. ಮೂಲ ಹೆಸರನ್ನು ಹಾಗೇ ಬಿಡಿ, ನಡುವೆ ಅದು ಬೇಕಾದದ್ದೇ. ಹುಡುಕಲು ಇನ್ನೊಂದು ಕಾಲಂ ಮಾಡಿ. ಅದರಲ್ಲಿ ಈ ಕಾಣದ ಅಕ್ಷರ ತೆಗೆದ ಪ್ರತಿ ಇಡಿ.

ಅಂದ ಹಾಗೆ, ಫಾರ್ಮ್‌ನಿಂದ ಬರುವುದೆಲ್ಲ ಸ್ಟ್ರಿಂಗ್. ಬೆಳಿಗ್ಗೆ 4 ಲೀಟರ್, ಸಂಜೆ 3 ಲೀಟರ್ ಎಂದು ಬಂದದ್ದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಹಾಗೇ ಕೂಡಿಸಿದರೆ 43 ಲೀಟರ್ ಆಗುತ್ತದೆ. ಕಳೆದರೆ ಮಾತ್ರ ಸರಿಯಾಗಿ 1 ಬರುತ್ತದೆ. ಸದಸ್ಯ ಸಂಖ್ಯೆಗಳ ಪಟ್ಟಿಯನ್ನು ಅಲ್ಲಿ ಸುಮ್ನೆ ಸಾರ್ಟ್ ಮಾಡಿದರೆ 9ಕ್ಕಿಂತ ಮೊದಲು 10 ಕೂರುತ್ತದೆ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದ 1,25,000ನ್ನು ಪಠ್ಯವನ್ನು ಸಂಖ್ಯೆ ಮಾಡುವ ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಒಂದು ಲಕ್ಷದ ಇಪ್ಪತ್ತೈದು ಸಾವಿರ ಕೇವಲ 1 ಆಗುತ್ತದೆ. ಕನ್ನಡ ಅಂಕಿಯಲ್ಲಿ ೧೨೩ ಬರೆದರೆ ಪೈಥಾನ್‌ನ ಇಂಟ್ ಅದನ್ನು 123 ಎಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ.

ಹಂತ 5: ಸೊನ್ನೆ, ಖಾಲಿ, ಇಲ್ಲ: ಮೂರನ್ನೂ ಬೇರೆ ಇಡಿ

ಒಬ್ಬ ಸದಸ್ಯೆ ವಾರದಲ್ಲಿ ಐದು ದಿನ ನಾಲ್ಕು ಲೀಟರಿನಂತೆ ಹಾಲು ತಂದರು. ಎರಡು ದಿನದ ದಾಖಲೆ ಇಲ್ಲ. ಆ ಎರಡು ದಿನಕ್ಕೆ ಡೇಟಾಬೇಸಿನಲ್ಲಿ ನಲ್, ಅಂದರೆ ಬೆಲೆ ಗೊತ್ತಿಲ್ಲ ಎಂಬ ಗುರುತು, ಇಟ್ಟರೆ ಎಸ್‌ಕ್ಯೂಎಲ್‌ನ ಸರಾಸರಿ 4 ಲೀಟರ್, ಸೊನ್ನೆ ಇಟ್ಟರೆ 2.86. ಯಾವುದು ಸರಿ? ಹಾಲು ತಂದಿಲ್ಲ ಎಂದಾದರೆ ಸೊನ್ನೆ, ಯಂತ್ರ ಕೆಟ್ಟು ಅಳತೆ ಸಿಗಲಿಲ್ಲ ಎಂದಾದರೆ ನಲ್. ಇದನ್ನು ಕಂಪ್ಯೂಟರ್ ತೀರ್ಮಾನಿಸಲಾಗದು, ಅಲ್ಲಿ ಕೂತವರೇ ಹೇಳಬೇಕು. -1, 9999 ಎಂದೆಲ್ಲ ತುಂಬುವ ಅಭ್ಯಾಸ ಇದ್ದರೆ ಬಿಡಿಸಿ. ಯಾವತ್ತೋ ಒಂದು ದಿನ ಯಾರೋ ಅದನ್ನೂ ಸೇರಿಸಿ ಕೂಡಿಸುತ್ತಾರೆ.

ನಲ್ ಯಾವುದಕ್ಕೂ ಸಮಾನವಲ್ಲ, ಇನ್ನೊಂದು ನಲ್‌ಗೂ ಸಮಾನವಲ್ಲ. ಇವತ್ತು ಹಾಲು ತಂದವರ ಪಟ್ಟಿಯಲ್ಲಿ ಇಲ್ಲದ ಸದಸ್ಯರು ಯಾರು ಎಂದು ನಾಟ್ ಇನ್ ಬಳಸಿ ಕೇಳಿದಿರಿ ಅನ್ನಿ. ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಪೂರ್ತಿ ಖಾಲಿ. ನಾಟ್ ಎಗ್ಸಿಸ್ಟ್ಸ್ ಬಳಸಿದರೆ ಈ ತೊಂದರೆ ಇಲ್ಲ. ಒರಾಕಲ್‌ನಲ್ಲಿ ಖಾಲಿ ಸ್ಟ್ರಿಂಗ್ ಕೂಡ ನಲ್ ಎಂದೇ ಲೆಕ್ಕ.

ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಲೀಟರ್ ಇದೆಯಾ ಎಂದು ಬರೀ ಇಫ್ ಹಾಕಿ ಪರೀಕ್ಷಿಸಿದರೆ ಸೊನ್ನೆ ಲೀಟರೂ ಇಲ್ಲ ಎಂದೇ ಆಗುತ್ತದೆ. ಫೈಲಿನಿಂದ ಓದಿದ "ಫಾಲ್ಸ್" ಎಂಬ ಪದವನ್ನು ಪೈಥಾನ್‌ನ ಬೂಲ್‌ಗೆ ಕೊಟ್ಟರೆ ಉತ್ತರ ಟ್ರೂ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಅದಕ್ಕೆ ನಿಜವೇ. ಸದಸ್ಯತ್ವ ರದ್ದಾದವರೆಲ್ಲ ಹೀಗೆ ಮತ್ತೆ ಪಟ್ಟಿಗೆ ಸೇರಿಬಿಡಬಹುದು.

ಜಾವಾ ಬಳಸುವವರಿಗೆ ಇನ್ನೊಂದು. ದೊಡ್ಡ ಅಕ್ಷರದಿಂದ ಶುರುವಾಗುವ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಎರಡು ಈಕ್ವಲ್ ಚಿಹ್ನೆ ಹಾಕಿ ಹೋಲಿಸಿದರೆ -128ರಿಂದ 127ರವರೆಗೆ ಸರಿಯಾದ ಉತ್ತರ ಬರುತ್ತದೆ. ಅಷ್ಟು ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟು ಮತ್ತೆ ಮತ್ತೆ ಅವನ್ನೇ ಕೊಡುತ್ತದೆ. ನೂರು ಸದಸ್ಯರಿಟ್ಟು ಟೆಸ್ಟ್ ಮಾಡಿದಾಗ ಎಲ್ಲ ಸರಿ. 128ನೇ ಸದಸ್ಯರು ಸೇರಿದ ದಿನ ಹೋಲಿಕೆ ತಪ್ಪುತ್ತದೆ. ಈಕ್ವಲ್ಸ್ ಬಳಸಿ.

ಹಂತ 6: ದಿನಾಂಕಕ್ಕೆ ಐದೂವರೆ ಗಂಟೆಯ ಲೆಕ್ಕ ಸೇರಿಸಿ

ಬೆಳಿಗ್ಗೆ 5:15ಕ್ಕೆ ಮೊದಲ ಕ್ಯಾನ್ ಬಂತು, ತಾರೀಕು ಮಾರ್ಚ್ 1. ಸರ್ವರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿ ಓಡುತ್ತಿದ್ದರೆ ಅಲ್ಲಿ ಇನ್ನೂ ಫೆಬ್ರುವರಿಯ ಕೊನೆಯ ದಿನ ರಾತ್ರಿ 11:45. ದಿನಾಂಕವನ್ನು ಅಲ್ಲಿಂದ ತೆಗೆದರೆ ಹಾಲು ಹಿಂದಿನ ದಿನಕ್ಕಷ್ಟೇ ಅಲ್ಲ, ಹಿಂದಿನ ತಿಂಗಳ ಬಿಲ್ಲಿಗೂ ಹೋಗುತ್ತದೆ. ಐದೂವರೆಯ ನಂತರ ಬಂದವರದ್ದು ಸರಿಯಾಗಿರುವುದರಿಂದ ಇದನ್ನು ಪತ್ತೆ ಮಾಡುವುದು ಕಷ್ಟ. ಹಾಲಿನ ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎನ್ನುವುದು, ಇವೆರಡನ್ನೂ ಭಾರತದ ಸಮಯದಲ್ಲಿ ತೆಗೆದು ಪ್ರತ್ಯೇಕ ಕಾಲಂಗಳಲ್ಲಿ ಇಡಿ. ದಾಖಲಾದ ಕ್ಷಣವನ್ನು ಬೇಕಿದ್ದರೆ ಯುಟಿಸಿಯಲ್ಲಿ ಇನ್ನೊಂದು ಕಾಲಂನಲ್ಲಿ ಇಡಿ. ಸಮಯದ ಅಂತರವನ್ನು ಗಂಟೆಗಳ ಪೂರ್ಣಾಂಕವಾಗಿ ಇಡುವ ಕೋಡ್ ಕಂಡರೆ ಕೂಡಲೇ ಬದಲಿಸಿ, ನಮ್ಮ ಅರ್ಧ ಗಂಟೆ ಅದರಲ್ಲಿ ಕೂರುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ, ಮಾರ್ಚ್ ಅಂದರೆ 2. ಹಳೆಯ 32 ಬಿಟ್ ಸಮಯದ ಎಣಿಕೆ 2038ರ ಜನವರಿ 19ರಂದು ನಮ್ಮ ಸಮಯ ಬೆಳಿಗ್ಗೆ 8:44:07ಕ್ಕೆ ತುಂಬುತ್ತದೆ. ಸೊಸೈಟಿಯ ದೀರ್ಘಾವಧಿ ಠೇವಣಿಯ ದಿನಾಂಕಗಳು ಅದನ್ನು ಬೇಗನೆ ಮುಟ್ಟುತ್ತವೆ.

ಹಂತ 7: ಕೆಣಕುವ ಬೆಲೆಗಳಿಂದಲೇ ಟೆಸ್ಟ್ ಮಾಡಿ

ಎಲ್ಲರೂ ರಮೇಶ್, 5 ಲೀಟರ್, 35 ರೂಪಾಯಿ ಎಂದು ಹಾಕಿ ಟೆಸ್ಟ್ ಮಾಡುತ್ತಾರೆ. ಅದರಿಂದ ಏನೂ ಸಿಗದು. ಮನೆ ನಂಬರ್ 3-12, ಫೋನ್ 0820ರಿಂದ ಶುರುವಾಗುವುದು, 16 ಅಂಕಿಯ ಖಾತೆ, 4.35 ರೂಪಾಯಿ, ಸೊನ್ನೆ ಲೀಟರ್, ಲೀಟರೇ ಇಲ್ಲದ ದಾಖಲೆ, 128ನೇ ಸದಸ್ಯ, ಎರಡು ಬಗೆಯ ಕೋಟ, ಬೆಳಿಗ್ಗೆ 5:15, ಎರಡೂಕಾಲು ಕೋಟಿಯ ಮೊತ್ತ. ಇಷ್ಟನ್ನು ಫಾರ್ಮ್‌ನಲ್ಲಿ ತುಂಬಿ, ಉಳಿಸಿ, ಎಕ್ಸೆಲ್‌ಗೆ ಕಳಿಸಿ, ಮತ್ತೆ ಓದಿ. ಹೋದದ್ದೂ ಬಂದದ್ದೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಡೇಟಾ ಆಗಲೇ ಕೆಟ್ಟಿದ್ದರೆ? ಮೊದಲು ಈಗಿರುವ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ. ಎಸ್‌ಟಿಡಿ ಕೋಡಿನ ಸೊನ್ನೆಯನ್ನು ಮತ್ತೆ ಸೇರಿಸಬಹುದು, ಕೋಡ್ ಯಾವುದೆಂದು ಗೊತ್ತಿದೆ. ದಿನಾಂಕವಾದ ಮನೆ ನಂಬರನ್ನು ಫೈಲ್ ಯಾವ ಸೆಟ್ಟಿಂಗ್‌ನ ಕಂಪ್ಯೂಟರಿನಲ್ಲಿ ತಯಾರಾಯಿತು ಎಂದು ತಿಳಿದರೆ ಹಿಂದಕ್ಕೆ ತರಬಹುದು, ಆದರೂ ಒಂದೊಂದನ್ನೂ ರೇಷನ್ ಕಾರ್ಡ್ ಜೊತೆ ತಾಳೆ ನೋಡಿ. ಕೊನೆಯ ಅಂಕಿ ಸೊನ್ನೆಯಾದ ಖಾತೆ ಸಂಖ್ಯೆಯನ್ನು ಮಾತ್ರ ಯಾವ ಪ್ರೋಗ್ರಾಮೂ ಹಿಂದಕ್ಕೆ ತರಲಾರದು. 15 ಅಂಕಿಗಿಂತ ಉದ್ದವಾಗಿದ್ದು ಸೊನ್ನೆಯಲ್ಲಿ ಮುಗಿಯುವ ಖಾತೆಗಳನ್ನೆಲ್ಲ ಪಟ್ಟಿ ಮಾಡಿ, ಅವಕ್ಕೆ ಹಣ ಹೋಗುವುದನ್ನು ತಡೆಹಿಡಿದು, ಸದಸ್ಯರು ಹಾಲು ತರುವಾಗ ಪಾಸ್‌ಬುಕ್ ತರಲು ಹೇಳಿ.